ತೂತಿಲ್ಲದ ತಟ್ಟೆ

“ಕಂಡದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ತಪ್ಪೇ, ಅಮ್ಮಾ?” ಎಂದು ಶಿಷ್ಯೆ ನೀಲವ್ವ ಕೇಳಿದಳು.

ಏನು ಕಂಡೆ ಎಂದರು ಗುರುಮಾತೆ.

“ನಮ್ಮ ಆಶ್ರಮದ ಪಾರುಪತ್ಯಗಾರರು ರೊಟ್ಟಿ ಬಡಿಯುವ ಹೆಂಗಸಿಗೆ ಸೌದೆಯಿಂದ ಹೊಡೆದರು. ಹಿರಿಯರಿಗೆ ಹೇಳಿದೆ. ಹರಿಯಬಿಡು, ಮನಸ್ಸು ಶುಚಿಯಾಗಿರುತ್ತದೆ ಎಂದರು. ಸಭೆಯಲ್ಲಿ ಬಾಯಿಬಿಟ್ಟರೆ ಆಶ್ರಮ ಬಿಡಬೇಕಾದೀತು ಎಂದೂ ಅಂದರು.”

ಗುರುಮಾತೆ ಕಾವಿ ಉಡುವ ಮೊದಲು ಹತ್ತು ಬಂದರುಗಳ ನೀರು ಕುಡಿದವರು. ಅವರು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ಒಂದು ಹಾಯಿದೋಣಿ ಇತ್ತು. ಗಾಳಿ ಇದ್ದಾಗ ಹಾಯಿ, ಗಾಳಿ ಬಿದ್ದಾಗ ಎಂಜಿನ್. ಎಂಜಿನ್ ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಅವಳು ಎಂಜಿನ್ನಿನ ಅಡಿಗೆ ತಗಡಿನ ತಟ್ಟೆಯೊಂದನ್ನು ಕೂರಿಸಿದ್ದಳು. ನಾಲ್ಕು ಕಡೆ ಅಂಚು, ಒಳಗೆ ಬಿಳಿ ಬಣ್ಣ, ಎಲ್ಲೂ ತೂತಿಲ್ಲ. ಸೋರಿದ್ದು ನಿಲ್ಲಬೇಕು, ನಿಂತದ್ದು ಕಾಣಬೇಕು. ದಿನವೂ ಬೆಳಿಗ್ಗೆ ಬಗ್ಗಿ ನೋಡುವಳು. ಕಪ್ಪಾಗಿದ್ದರೆ ಎಂಜಿನ್ನಿನ ಎಣ್ಣೆ, ಕೆಂಪಾಗಿದ್ದರೆ ಗೇರ್‌ಬಾಕ್ಸಿನದು. ನೀರಾಗಿದ್ದರೆ ಬೆರಳದ್ದಿ ನಾಲಿಗೆಗೆ ಮುಟ್ಟಿಸುವಳು. ಉಪ್ಪಾದರೆ ಸಮುದ್ರ ಒಳಗೆ ಬಂದಿದೆ. ಆಮೇಲೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ದಡಕ್ಕೆ ಒಯ್ಯುವಳು.

ಒಂದು ದಿನ ಅವಳು, “ಎಣ್ಣೆ ತಡೆಯುವ ಸೀಲು ಸವೆದಿದೆ. ನಿನ್ನೆ ಹತ್ತು ಹನಿ ಇತ್ತು, ಇವತ್ತು ಅಂಗೈಯಗಲ. ದೋಣಿ ಬಿಡಬೇಡಿ” ಎಂದಳು.

ವ್ಯಾಪಾರಿಗೆ ಅಂದು ಅತಿಥಿಗಳು. ಅವರಲ್ಲೊಬ್ಬರು ತಟ್ಟೆ ಕಂಡು ಮೂಗು ಮುಚ್ಚಿಕೊಂಡಿದ್ದರು.

“ತಟ್ಟೆಯ ಮೂಲೆಯಲ್ಲೊಂದು ತೂತು ಕೊರೆ,” ಎಂದ ವ್ಯಾಪಾರಿ. “ಬಿದ್ದದ್ದು ದೋಣಿಯ ತಳಕ್ಕೆ ಇಳಿಯಲಿ. ತಳದ ನೀರನ್ನು ಪಂಪು ಹೇಗೂ ಹೊರಗೆ ಎಸೆಯುತ್ತದೆ. ಸಮುದ್ರ ದೊಡ್ಡದು, ಮಾರಾಯ್ತಿ.”

“ಸಮುದ್ರ ದೊಡ್ಡದೇ, ಯಜಮಾನರೇ. ಎಂಜಿನ್ನಿನ ಹೊಟ್ಟೆ ಚಿಕ್ಕದು. ಅದರಲ್ಲಿರುವುದು ಐದೇ ಲೀಟರು ಎಣ್ಣೆ.”

“ಕೊರೆಯುತ್ತೀಯೋ, ಕೆಲಸ ಬಿಡುತ್ತೀಯೋ?”

ಅವಳು ಡ್ರಿಲ್ಲನ್ನು ಅವನ ಕೈಗೆ ಕೊಟ್ಟಳು. “ತೂತು ನಿಮ್ಮದು, ನೀವೇ ಕೊರೆಯಿರಿ” ಎಂದು ದೋಣಿ ಇಳಿದು ಹೋದಳು. ಹಿಂದೆ ತಿರುಗಿ ನೋಡಲಿಲ್ಲ.

ವ್ಯಾಪಾರಿ ತಾನೇ ಕೊರೆದ. ತಟ್ಟೆ ಒಣಗಿತು. ಊಟ ಬಡಿಸಬಹುದು ನೋಡಿ ಎಂದು ಬಂದವರಿಗೆಲ್ಲ ತೋರಿಸಿದ. ತೋರಿಸಿ ತೋರಿಸಿ, ಎಂಜಿನ್ ಸರಿಯಾಗಿದೆ ಎಂದು ತಾನೂ ನಂಬಿದ.

ಇಪ್ಪತ್ತು ದಿನ ಕಳೆಯಿತು. ಅಳಿವೆಯ ಬಾಯಲ್ಲಿ ಗಾಳಿ ಬಿತ್ತು. ವ್ಯಾಪಾರಿ ಎಂಜಿನ್ ಹಾಕಿದ. ಅದು ಸ್ವಲ್ಪ ದೂರ ಓಡಿ, ಕೆಮ್ಮಿ, ಜಾಮಾಯಿತು. ಮುಚ್ಚಳ ತೆಗೆದು ನೋಡಿದರೆ ತಟ್ಟೆಯಲ್ಲಿ ಒಂದು ಹನಿಯೂ ಇಲ್ಲ. ಅವನು ಅದನ್ನೇ ನೋಡುತ್ತಿರುವಾಗ ದೋಣಿ ಬಂಡೆಗೆ ಬಡಿದು ಒಡೆಯಿತು.

ಕಪ್ಪೆಚಿಪ್ಪು ಆಯುವ ಹೆಂಗಸರು ಪಾತಿದೋಣಿಯಲ್ಲಿ ಬಂದು ಅವನನ್ನು ಎಳೆದುಕೊಂಡರು. ಅವನು ಕೈಮುಗಿದು, “ನಾನು ಯಾರೋ, ನೀವು ಯಾರೋ, ಆದರೂ ಉಳಿಸಿದಿರಿ, ತಾಯಿ” ಎಂದ.

“ಯಾರೋ ಅಂದರೆ ಹೇಗೆ?” ಎಂದಳು ಹುಟ್ಟು ಹಾಕುತ್ತಿದ್ದವಳು. “ಇಪ್ಪತ್ತು ದಿನದಿಂದ ಚಿಪ್ಪಿನ ಜೊತೆ ನಿಮ್ಮ ದೋಣಿಯ ಎಣ್ಣೆಯನ್ನೇ ಉಣ್ಣುತ್ತಿದ್ದೇವೆ. ಮೊದಲು ನಮ್ಮ ಸಾರಿನಲ್ಲಿ ಹುಳಿ ಇರುತ್ತಿತ್ತು. ಈಗ ನೀವಿದ್ದೀರಿ.”

ಗುರುಮಾತೆ ಕತೆ ನಿಲ್ಲಿಸಿದರು.

“ಆದರೆ ತಟ್ಟೆ ಕೂರಿಸಿದವಳ ಕೆಲಸ ಹೋಯಿತಲ್ಲ, ಅಮ್ಮಾ,” ಎಂದಳು ನೀಲವ್ವ.

“ಹೋಯಿತು, ನಿನಗೂ ಆಶ್ರಮ ತಪ್ಪೀತು. ಆದರೆ ನೀನು ಹರಿಯಬಿಟ್ಟರೆ ಅದನ್ನು ನಾಳೆ ಉಣ್ಣಬೇಕಾದವಳು ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ, ಆ ಸದ್ದು ಕೇಳು.”