ಬಾಗಿಲಿನಷ್ಟು ದೂರ

೧೯೯೮ನೇ ಇಸವಿ ಜುಲೈ ೬, ಸೋಮವಾರ. ಮೋಡ ಮುಸುಕಿತ್ತು, ಮಳೆ ಬಂದಿರಲಿಲ್ಲ. ಕೋರ್ಟಿನಿಂದ ಬಂದು ಕರಿ ಕೋಟು ತೆಗೆದಿಡುತ್ತ ಕಿರಿಯ ವಕೀಲೆ ನಾಗವೇಣಿ ತನ್ನ ಹಿರಿಯರಾದ ತಿಪ್ಪೇಸ್ವಾಮಿಯವರನ್ನು ಕೇಳಿದಳು:

“ಸಾರ್, ಇವತ್ತು ಸಾಕ್ಷಿ ಎರಡು ಕೈ ಅಗಲಿಸಿ, ಚಾಕು ಇಷ್ಟುದ್ದ ಇತ್ತು ಅಂತ ತೋರಿಸಿದ. ಜಡ್ಜ್ ನೋಡಿದರು, ಸರ್ಕಾರಿ ವಕೀಲರೂ ನೋಡಿದರು. ಎಲ್ಲರೂ ಕಣ್ಣಾರೆ ನೋಡಿದ್ದನ್ನು ಮತ್ತೆ ಇಷ್ಟು ಇಂಚು ಅಂತ ಬರೆಸಲೇಬೇಕೆ?”

ತಿಪ್ಪೇಸ್ವಾಮಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಅದೇ ಊರಿನ ಮರದ ವ್ಯಾಪಾರಿಯೊಬ್ಬ ಒಂದು ಸಂಜೆ ರಸ್ತೆಯಲ್ಲಿ ಪೆಟ್ಟು ತಿಂದು ಸತ್ತ. ಹೊಡೆದವನು ಬಡಗಿ ಎಂದು ಪೊಲೀಸರು ಅವನನ್ನು ಹಿಡಿದರು. ಕಂಡೆನೆಂದು ಹೇಳಿದವಳು ಒಬ್ಬಳೇ, ಹೂ ಮಾರುವ ಮುದುಕಿ. ಅವಳ ಮಾತನ್ನು ಕೋರ್ಟು ನಂಬಿದರೆ ಬಡಗಿಗೆ ಜೈಲು, ನಂಬದಿದ್ದರೆ ಬಿಡುಗಡೆ. ಪೊಲೀಸರ ನಕ್ಷೆಯಲ್ಲಿ ಹೆಣ ಬಿದ್ದಿದ್ದ ಜಾಗ ಇತ್ತು. ಮುದುಕಿ ನಿಂತಿದ್ದ ಜಾಗವನ್ನು ಗುರುತು ಮಾಡಿರಲಿಲ್ಲ.

ಆಗ ಅಲ್ಲಿ ಕೋರ್ಟು ನಡೆಯುತ್ತಿದ್ದದ್ದು ಬಾಡಿಗೆಗೆ ಹಿಡಿದ ಹತ್ತಿ ಗೋದಾಮಿನಲ್ಲಿ. ಸಾಕ್ಷಿಕಟ್ಟೆ ಒಂದು ತುದಿಗೆ, ಬಾಗಿಲು ಇನ್ನೊಂದು ತುದಿಗೆ. ನಡುವೆ ತೊಂಬತ್ತು ಅಡಿ.

ಬಡಗಿಯ ವಕೀಲ ಪಾಟೀಸವಾಲಿಗೆ ಎದ್ದ.

“ಏನಜ್ಜಿ, ಆ ಮಬ್ಬಿನಲ್ಲಿ ಮುಖ ಕಾಣಿಸಿತಾ? ಎಷ್ಟು ದೂರದಲ್ಲಿ ನಿಂತಿದ್ದೆ?”

“ಹೂವಾದರೆ ಮೊಳ ಹಾಕಿ ಹೇಳ್ತಿದ್ದೆ. ದಾರಿಗೆ ಮೊಳ ಹಾಕೋಕಾಗ್ತದೇನಪ್ಪ? ಇಲ್ಲಿಂದ ಅಗೋ ಆ ಬಾಗಿಲು ಇಲ್ವಾ, ಅಷ್ಟು ದೂರ.”

ಎಲ್ಲರೂ ತಿರುಗಿ ಬಾಗಿಲು ನೋಡಿದರು. ಅಲ್ಲಿ ನಿಂತಿದ್ದ ಜವಾನ ಯಾರೆಂದು ಹಗಲಿನಲ್ಲೇ ತಿಳಿಯುತ್ತಿರಲಿಲ್ಲ. ಕೋರ್ಟಿನಲ್ಲಿ ನಗು ಎದ್ದಿತು. ನ್ಯಾಯಾಧೀಶರೂ ನಕ್ಕು ಬೆರಳಚ್ಚುಗಾರನಿಗೆ ಬರೆಸಿದರು: “ನಾನು ಇಲ್ಲಿಂದ ಆ ಬಾಗಿಲಿನಷ್ಟು ದೂರದಲ್ಲಿದ್ದೆ.” ವಕೀಲ ಕುಳಿತುಕೊಂಡ. ಅಡಿಯ ಲೆಕ್ಕ ಕೇಳಿದರೆ ಮುದುಕಿ ಎಚ್ಚೆತ್ತು ಮಾತು ಬದಲಿಸಿಯಾಳು ಎಂಬ ಹೆದರಿಕೆ ಅವನಿಗಿತ್ತು. ಮುದುಕಿಯನ್ನು ಕೇಳಬೇಕಾಗಿಯೇ ಇರಲಿಲ್ಲ. “ಸಾಕ್ಷಿ ತೋರಿಸಿದ ದೂರ ಸುಮಾರು ತೊಂಬತ್ತು ಅಡಿ ಎಂದು ಷರಾ ಬರೆಸಿ, ಸ್ವಾಮಿ,” ಎಂದು ನ್ಯಾಯಾಧೀಶರನ್ನು ಕೇಳಿದ್ದರೆ ಸಾಕಿತ್ತು.

ವಾದ ಕೇಳುವ ಮೊದಲೇ ಆ ನ್ಯಾಯಾಧೀಶರಿಗೆ ವರ್ಗವಾಯಿತು. ಕೋರ್ಟೂ ಹೊಸ ಕಟ್ಟಡಕ್ಕೆ ಹೋಯಿತು. ಗೋದಾಮನ್ನು ಮಾಲೀಕ ಕೆಡವಿಸಿದ. ಆ ಚಳಿಗಾಲದಲ್ಲಿ ಮುದುಕಿ ತೀರಿಕೊಂಡಳು.

ಹೊಸ ನ್ಯಾಯಾಧೀಶರ ಮುಂದೆ ವಕೀಲ ತೊಂಬತ್ತು ಅಡಿ ಎಂದು ವಾದ ಮಾಡಿದ. ಸರ್ಕಾರಿ ವಕೀಲ ಎದ್ದು ನಿಂತ.

“ಕಡತದ ಯಾವ ಹಾಳೆಯಲ್ಲಿದೆ, ತೋರಿಸಿ.”

“ಹಾಳೆಯಲ್ಲಿಲ್ಲ. ಆವತ್ತು ಕೋರ್ಟಿನಲ್ಲಿದ್ದವರೆಲ್ಲ ನೋಡಿದ್ದಾರೆ. ನೀವೂ ನಕ್ಕಿರಿ.”

“ನಾನು ನಕ್ಕದ್ದೂ ಕಡತದಲ್ಲಿಲ್ಲ, ಸ್ವಾಮಿ.”

ಹೊಸ ನ್ಯಾಯಾಧೀಶರು ಪ್ರಾಮಾಣಿಕರು. ಹೇಳಿಕೆಯನ್ನು ಎರಡು ಸಲ ಓದಿದರು. ಆಮೇಲೆ ತಲೆಯೆತ್ತಿ ತಮ್ಮ ಕೋರ್ಟು ಕೋಣೆಯ ಬಾಗಿಲು ನೋಡಿದರು. ಸಾಕ್ಷಿಕಟ್ಟೆಯಿಂದ ಅದು ಹನ್ನೆರಡು ಅಡಿ. ಅಲ್ಲಿದ್ದ ಜವಾನನ ಅಂಗಿಯ ಗುಂಡಿಗಳನ್ನು ಎಣಿಸಬಹುದಾಗಿತ್ತು. ಸಾಕ್ಷಿಯು ಈ ಕೋಣೆಯ ಬಾಗಿಲಿನಷ್ಟೇ ದೂರದಲ್ಲಿದ್ದಳು, ಅಷ್ಟು ಹತ್ತಿರದಿಂದ ಊರಿನವನ ಗುರುತು ತಪ್ಪಲಾರದು ಎಂದು ತೀರ್ಪು ಬರೆದರು. ಬಡಗಿಗೆ ಹತ್ತು ವರ್ಷ.

ಮೇಲ್ಮನವಿ ಆರು ವರ್ಷದ ಮೇಲೆ ವಿಚಾರಣೆಗೆ ಬಂತು. ಹೈಕೋರ್ಟಿನ ನ್ಯಾಯಮೂರ್ತಿಗಳು ಹೇಳಿಕೆ ಓದಿ, ಯಾವ ಬಾಗಿಲು ಎಂದು ಕೇಳಿದರು. ಹೇಳಬಲ್ಲ ಕಾಗದ ಯಾರ ಬಳಿಯೂ ಇರಲಿಲ್ಲ. ದೂರವೇ ಗೊತ್ತಿಲ್ಲದ ಮೇಲೆ ಗುರುತನ್ನು ನಂಬುವುದು ಹೇಗೆ ಎಂದು, ಸಂಶಯದ ಲಾಭ ಕೊಟ್ಟು ಬಡಗಿಯನ್ನು ಬಿಟ್ಟರು. ಅವನು ಆಗಲೇ ಆರು ವರ್ಷ ಒಳಗಿದ್ದ.

ತಿಪ್ಪೇಸ್ವಾಮಿ ಅಲ್ಲಿಗೆ ನಿಲ್ಲಿಸಿದರು.

“ಆವತ್ತು ಅಷ್ಟು ಜನ ನೋಡಿದ್ದರಲ್ಲ ಸಾರ್,” ಎಂದಳು ನಾಗವೇಣಿ. “ಆ ಆರು ವರ್ಷಕ್ಕೆ ಅವನಿಗೆ ಏನೂ ಕೊಡಲಿಲ್ಲವೆ?”

“ಕೊಟ್ಟರಮ್ಮ, ಜೈಲಿನ ಬಾಗಿಲಲ್ಲಿ ರುಜು ಹಾಕಿಸಿಕೊಂಡು, ಊರಿಗೆ ಹೋಗಲು ಬಸ್ ಚಾರ್ಜು.”