ನವಿಲು ಹೊತ್ತ ಕಾರು

ರಾಣೆಬೆನ್ನೂರಿನ ಹೂವಿನ ಪೇಟೆಯಲ್ಲಿ ಮುರಿಗೆಪ್ಪ ಎಂಬ ಹೂಗಾರನಿದ್ದ. ಮದುವೆಯ ಕಾರಿಗೆ ಹೂವಿನ ಅಲಂಕಾರ ಮಾಡುವುದರಲ್ಲಿ ಅವನನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ. ಇದನ್ನು ಊರವರೇ ಹೇಳುತ್ತಿದ್ದರು. ಊರವರು ಹೇಳಲು ಮರೆತ ದಿನ ಮುರಿಗೆಪ್ಪ ತಾನೇ ಹೇಳುತ್ತಿದ್ದ.

ಅವನ ಹೆಸರುವಾಸಿ ಕೆಲಸವೆಂದರೆ ನವಿಲು. ಕಾರಿನ ಮುಖದ ತುಂಬ, ಈ ದೀಪದಿಂದ ಆ ದೀಪದವರೆಗೆ, ಗರಿ ಬಿಚ್ಚಿ ನಿಂತ ಹೂವಿನ ನವಿಲು. ಸೇವಂತಿಗೆಯ ಮೈ, ಚೆಂಡುಹೂವಿನ ಗರಿ, ಗರಿಗೊಂದು ಗುಲಾಬಿಯ ಕಣ್ಣು. ಕೆಲಸದಲ್ಲಿ ಅವನು ಕಳ್ಳತನ ಮಾಡಿದವನಲ್ಲ. ಕಾರಿನ ಬಣ್ಣಕ್ಕೆ ಗೀರು ಬೀಳಬಾರದೆಂದು ಮೊದಲು ದಪ್ಪ ಗೋಣಿತಟ್ಟು ಹೊದಿಸುತ್ತಿದ್ದ. ಹೂವು ಬಾಡಬಾರದೆಂದು ಅದಕ್ಕೆ ನೀರು ಚಿಮುಕಿಸುತ್ತಿದ್ದ. ಅದರ ಮೇಲೆ ಥರ್ಮಾಕೋಲ್ ಹಲಗೆ, ಹಲಗೆಯ ಮೇಲೆ ನವಿಲು. ಸಣ್ಣ ಕಾರುಗಳ ಮುಖಕ್ಕೆ ಆ ನವಿಲು ಹಿಡಿಸುತ್ತಿರಲಿಲ್ಲ, ಅವುಗಳಿಗೆ ಒಂದೆರಡು ಹಾರ ಕಟ್ಟಿ ಕಳಿಸುತ್ತಿದ್ದ. ನವಿಲಿಗೆ ತಕ್ಕ ಅಗಲ ಮುಖದ ಕಾರು ಊರಿನಲ್ಲಿ ಇದ್ದದ್ದು ಒಂದೇ. ಅದು ಇಂದುಧರನದು.

ಇಂದುಧರ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಹುಡುಗ. ಇನ್ನೂ ಮದುವೆಯಾಗಿರಲಿಲ್ಲ. ಬೆಂಗಳೂರಿನ ಶ್ರೀಮಂತರೊಬ್ಬರು ಓಡಿಸಿ ಬಿಟ್ಟ ವಿದೇಶಿ ಕಾರನ್ನು ಕೊಂಡು ತಂದು, ಮದುಮಕ್ಕಳ ಮೆರವಣಿಗೆಗೆ ಬಾಡಿಗೆ ಬಿಡುತ್ತಿದ್ದ. ಕಾರು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಕೂತರೆ ಮದುಮಗನಿಗೆ ತಾನು ನಿಜವಾಗಿಯೂ ದೊಡ್ಡ ಮನುಷ್ಯನೇ ಇರಬೇಕು ಎನಿಸುತ್ತಿತ್ತು.

ಆದರೆ ಆ ಕಾರು ಮೊದಲ ಮೆರವಣಿಗೆಯಲ್ಲೇ ನಡುಬೀದಿಯಲ್ಲಿ ಹೊಗೆಯಾಡುತ್ತ ನಿಂತುಬಿಟ್ಟಿತು. ಮದುಮಗ ಬಾಸಿಂಗ ಹಿಡಿದುಕೊಂಡು ಇಳಿದು, ಉಳಿದ ದಾರಿಯನ್ನು ನಡೆದ. ಇಂದುಧರ ನವಿಲು ಬಿಚ್ಚಿಸಿ, ಕಾರು ತೊಳೆದು, ಗ್ಯಾರೇಜಿಗೆ ಒಯ್ದ. ಅಲ್ಲಿ ಅದು ಸಾಧು ಹಸುವಿನಂತೆ ನಿಂತಿತು. ಎಷ್ಟು ಓಡಿಸಿ ನೋಡಿದರೂ ಬಿಸಿಯಾಗಲಿಲ್ಲ. ಆದರೂ ಗ್ಯಾರೇಜಿನವರು ಸುಮ್ಮನೆ ಕಳಿಸುವ ಪೈಕಿಯವರಲ್ಲ, ಒಂದು ಭಾಗ ಬದಲಿಸಿ ಕಳಿಸಿದರು. ಮುಂದಿನ ಮದುವೆಯಲ್ಲಿ ಮತ್ತೆ ನಿಂತಿತು. ಮತ್ತೆ ಇನ್ನೊಂದು ಭಾಗ ಬದಲಾಯಿತು. ಹೀಗೆ ಬದಲಿಸುತ್ತ ಬದಲಿಸುತ್ತ ಕಾರಿನ ಅರ್ಧ ಹೊಟ್ಟೆ ಹೊಸದಾಯಿತು, ಹಳೆಯ ಚಾಳಿ ಮಾತ್ರ ಹೋಗಲಿಲ್ಲ.

ಒಮ್ಮೆ ಇಂದುಧರ ಅಂಜುತ್ತಂಜುತ್ತ ಮುರಿಗೆಪ್ಪನಿಗೆ ಹೇಳಿದ್ದ: "ಅಣ್ಣಾರ, ಮುಂದ ಹೂವು ಒಂಚೂರು ಕಡಿಮಿ ಮಾಡಿದ್ರ ಹೆಂಗ?"

"ತಮ್ಮಾ," ಎಂದಿದ್ದ ಮುರಿಗೆಪ್ಪ, ಗುಲಾಬಿ ಸಿಕ್ಕಿಸುತ್ತಿದ್ದ ಕೈ ನಿಲ್ಲಿಸದೆ, "ನಿನ್ನ ಕೆಲಸ ಫೋಟೊ ತಗಿಯೂದು. ಹೂವು ಹೆಚ್ಚಾಗಿ ಯಾರೂ ಕೆಟ್ಟಿಲ್ಲ."

ಊರಿನ ಬಾಯಿ ಮುಚ್ಚುವವರು ಯಾರು? ಇಂದುಧರನ ಕಾರಿಗೆ 'ಮದುಮಗನನ್ನು ಇಳಿಸುವ ಕಾರು' ಎಂದು ಹೆಸರು ಬಿತ್ತು. ಮದುಮಗ ನಡುದಾರಿಯಲ್ಲಿ ಇಳಿದರೆ ಶುಭವಲ್ಲ ಎಂದು ಹಿರಿಯರು ತಲೆ ಅಲ್ಲಾಡಿಸಿದರು. ಹುಡುಗನದೇ ಕಾಲ್ಗುಣ ಸರಿಯಿಲ್ಲವೆಂದು ಪೇಟೆಯ ಕಟ್ಟೆಯಲ್ಲಿ ಮಾತಾಯಿತು. ಕಾರು ಬೇಡ ಎಂದವರು ಅವನ ಕ್ಯಾಮೆರಾನೂ ಬೇಡ ಎಂದರು. ಬಾಗಿಲಿಗೆ ಬಂದಿದ್ದ ಒಂದು ಒಳ್ಳೆಯ ಸಂಬಂಧ ಹೊಸ್ತಿಲು ದಾಟದೆ ಹಿಂದೆ ಹೋಯಿತು. ಕೊನೆಗೆ ಇಂದುಧರ ಕಾರು ಮಾರಲು ನಿಂತ.

ಕೊಳ್ಳಲು ಬಂದವನು ಮುರಿಗೆಪ್ಪನೇ. ಅಲ್ಲಿ ಅವನು ಆಡಿದ ಮಾತು ಕೇಳಬೇಕು. "ಬಿಸಿ ಆಗೂ ಗಾಡಿ, ನಡುದಾರ್ಯಾಗ ಕೈ ಕೊಡೂ ಗಾಡಿ, ಅಪಶಕುನದ ಗಾಡಿ. ನಾನಾಗಿದ್ದಕ್ಕ ತಗೋತೀನಿ, ಬ್ಯಾರೆ ಯಾರು ಮುಟ್ತಾರ?" ಎಂದು ಒಂದೊಂದೇ ದೂರು ಎತ್ತಿ ಆಡಿ, ಬೆಲೆಯನ್ನು ನೆಲಕ್ಕೆ ಇಳಿಸಿದ. ಇಂದುಧರ ತಲೆ ತಗ್ಗಿಸಿಕೊಂಡೇ ಕೀಲಿಕೈ ಕೊಟ್ಟ.

ಮನೆಗೆ ಬಂದ ಮೇಲೆ ಮುರಿಗೆಪ್ಪನ ರಾಗವೇ ಬೇರೆ. "ಗಾಡಿಗೆ ಏನೂ ಆಗಿಲ್ಲ, ಬಂಗಾರದಂಥಾ ಗಾಡಿ," ಎಂದ ಹೆಂಡತಿ ಗೌರವ್ವನಿಗೆ. "ಆ ಹುಡುಗಗ ಹೊಡ್ಯಾಕ ಬರಂಗಿಲ್ಲ. ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದಳಂತ."

ಗೌರವ್ವ ಹೂ ಕಟ್ಟುವ ನಾರು ನೆನೆಹಾಕುತ್ತಿದ್ದಳು. "ಹಂಗಂತ ಅವನ ಮುಂದ ಹೇಳಿದ್ರೇನು?" ಎಂದಳು. ಮುರಿಗೆಪ್ಪ ಕೇಳಿಸದವನಂತೆ ಕಾರು ಒರೆಸಲು ಹೋದ.

ಅವನು ದಡ್ಡನಲ್ಲ, ಕಾರನ್ನು ಪರೀಕ್ಷಿಸದೆ ಮದುವೆಗೆ ಬಿಡಲಿಲ್ಲ. ಹೂವಿನ ಟೆಂಪೊ ಓಡಿಸಿ ಪಳಗಿದ ಕೈ ಅವನದು. ಉರಿಬಿಸಿಲಿನಲ್ಲಿ ಹಾವೇರಿಗೆ ಹೋಗಿ ಬಂದ, ದಾವಣಗೆರೆಗೆ ಹೋಗಿ ಬಂದ. ಸಂತೆಯ ಗದ್ದಲದಲ್ಲಿ ಆಮೆಯಂತೆ ತೆವಳಿಸಿದ. ಬಿಸಿ ತೋರಿಸುವ ಮುಳ್ಳು ಇದ್ದಲ್ಲಿಂದ ಅಲ್ಲಾಡಲಿಲ್ಲ. ನಾನು ಹೇಳಿರಲಿಲ್ಲವೇ ಎಂದು ತನಗೆ ತಾನೇ ಶಭಾಸ್ ಹೇಳಿಕೊಂಡ.

ಅವನ ಮೊದಲ ಬಾಡಿಗೆ ಬಂತು. ಬೀಜದ ಅಂಗಡಿಯವರ ಮನೆಯ ಮದುವೆ, ಊರ ಮುಂದಾಳುಗಳೆಲ್ಲ ಸೇರುವ ಮದುವೆ. ಸ್ವಂತ ಕಾರು, ಸ್ವಂತ ಹೂವು. ಮುರಿಗೆಪ್ಪ ಅಂದು ಕಟ್ಟಿದ ನವಿಲನ್ನು ಅದಕ್ಕೂ ಮೊದಲು ಯಾರೂ ಕಂಡಿರಲಿಲ್ಲ. ಗೋಣಿತಟ್ಟನ್ನು ಎರಡು ಪದರ ಮಾಡಿದ. ಗರಿಗಳು ಬಾನೆಟ್ಟಿನ ಮೇಲೂ ಹರಡಿದವು. ತಾನೇ ಸ್ಟೇರಿಂಗ್ ಹಿಡಿದು ಕೂತ.

ಬ್ಯಾಂಡಿನವರು ಮುಂದೆ, ಕುಣಿಯುವ ಹುಡುಗರು ಅವರ ಹಿಂದೆ, ಅವರ ಹಿಂದೆ ಕಾರು. ಗುಡಿಯಿಂದ ಹೊರಟ ಮೆರವಣಿಗೆ ಪೇಟೆಯ ನಡುವಿನ ವೃತ್ತಕ್ಕೆ ಬರುವಷ್ಟರಲ್ಲಿ ಮುಳ್ಳು ಮೇಲೇರಿತು. ನವಿಲಿನ ಕೊರಳಿನ ಹತ್ತಿರ ಹಬೆ ಕಾಣಿಸಿತು. ಕಾರು ಒಮ್ಮೆ ನಡುಗಿ ನಿಂತಿತು. ಮದುಮಗ ಬಾಸಿಂಗ ಹಿಡಿದುಕೊಂಡು ಇಳಿದ.

"ಏನೋ ಮುರಿಗೆಪ್ಪ, ಇದು ಯಾರ ಗಾಡಿಯೋ?" ಎಂದು ಮದುಮಗನ ಸೋದರಮಾವ ಎಲ್ಲರ ಮುಂದೆ ಕೇಳಿದ. ಕಟ್ಟೆಯ ಮೇಲೆ ಕೂತವರು ನಕ್ಕರು. ಆ ನಗುವಿನ ಗುರುತು ಮುರಿಗೆಪ್ಪನಿಗೆ ಇತ್ತು. ಹಿಂದೆ ಅದೇ ಕಟ್ಟೆಯಲ್ಲಿ ಅವರ ಜೊತೆ ಕೂತು ಅವನೂ ನಕ್ಕಿದ್ದ.

ಕಾರು ತಣಿದ ಮೇಲೆ ಅದನ್ನು ಪಕ್ಕದ ಓಣಿಗೆ ತಳ್ಳಿಸಿ, ಗ್ಯಾರೇಜಿಗೆ ಒಯ್ಯಲೆಂದು ಹೂವು ಕೀಳಲು ಕೈ ಹಾಕಿದ. ನವಿಲಿನ ಹಲಗೆ ಎತ್ತಿದೊಡನೆ ಮುಖಕ್ಕೆ ಕಾವು ಹೊಡೆಯಿತು. ಜೊತೆಗೆ ಒಂದು ವಾಸನೆ ಬಂತು, ಒಲೆಯ ಮೇಲೆ ಸೊಪ್ಪು ಬೇಯುವ ವಾಸನೆ. ನೋಡಿದರೆ ಗೋಣಿತಟ್ಟಿನಿಂದ ಹಬೆ ಏಳುತ್ತಿತ್ತು, ಸೇವಂತಿಗೆ ಕಪ್ಪಾಗಿ ಬೆಂದು ಮುದ್ದೆಯಾಗಿತ್ತು. ಮುರಿಗೆಪ್ಪ ಕಾರಿನ ಹಿಂದಕ್ಕೆ ಹೋಗಿ ನೋಡಿದ. ಅಲ್ಲಿ ಕಟ್ಟಿದ್ದ ಹಾರದಲ್ಲಿ ಅದೇ ಬುಟ್ಟಿಯ ಸೇವಂತಿಗೆ ಈಗ ತಾನೆ ಗಿಡದಿಂದ ಬಿಡಿಸಿದಂತೆ ನಗುತ್ತಿತ್ತು.

ಹೂಗಾರನಿಗೆ ಹೂವೇ ಸಾಕ್ಷಿ ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವುದೇನಿದೆ? ಕಾರಿನ ಮುಖದ ಜಾಲರಿಯೊಳಗಿಂದ ಗಾಳಿ ಹೋದರೆ ತಾನೆ ಇಂಜಿನ್ ತಣಿಯುವುದು. ಅದರ ಬಾಯಿಗೆ ಗೋಣಿತಟ್ಟು ತುರುಕಿ, ಹಲಗೆ ಬಡಿದು, ಮೇಲೆ ನವಿಲು ಕೂರಿಸಿದ್ದು ಅವನೇ. ಗ್ಯಾರೇಜಿಗೆ ಹೋಗುವಾಗ ಯಾರೂ ಹೂವು ಹೊತ್ತುಕೊಂಡು ಹೋಗುವುದಿಲ್ಲ. ಅದಕ್ಕೇ ಅಲ್ಲಿ ಯಾರಿಗೂ ರೋಗ ಸಿಗಲಿಲ್ಲ. ಇಂದುಧರನ ಕಾರು ನಿಂತ ಒಂದೊಂದು ಮದುವೆಯನ್ನೂ ಅವನು ನೆನಪಿಸಿಕೊಂಡ. ಎಲ್ಲದರಲ್ಲೂ ನವಿಲು ಇತ್ತು. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಮನೆಗೆ ಹೋಗಿ ಗೌರವ್ವನಿಗೆ ಎಲ್ಲವನ್ನೂ ಹೇಳಿದ. ಹೇಳಿ, ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡ. "ಇರ್ಲಿ ಬಿಡು. ಇನ್ನ ಮ್ಯಾಲೆ ಮುಂದ ಹೂವು ಹಾಕೂದಿಲ್ಲ, ಮುಗೀತು. ಗಾಡಿ ನಮ್ಮದು, ಗುಟ್ಟೂ ನಮ್ಮದು."

"ಗಾಡಿ ನಮ್ಮದು ಆತ್ರಿ," ಎಂದಳು ಗೌರವ್ವ. "ಆ ಹುಡುಗನ ಹೆಸರು ಯಾರ ಹತ್ರ ಐತಿ?"

ಮುರಿಗೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ ನವಿಲು ಸತ್ತಂತೆ. ಅವನ ಹೆಸರೆಲ್ಲ ಆ ನವಿಲಿನ ಮೇಲೆಯೇ ನಿಂತಿತ್ತು. ಕಾರು ನಿಲ್ಲಿಸುವ ಹೂಗಾರನಿಗೆ ನಾಳೆ ಯಾರು ಮದುವೆಯ ವೀಳ್ಯ ಕೊಡುತ್ತಾರೆ? ನಿಜ ಹೇಳದಿದ್ದರೆ ಏನೂ ಆಗುವುದಿಲ್ಲ. ಇಂದುಧರ ಹಾಗೇ ತಲೆ ತಗ್ಗಿಸಿಕೊಂಡು ಇರುತ್ತಾನೆ, ಅಷ್ಟೇ. ಆ 'ಅಷ್ಟೇ' ಅವನನ್ನು ಬಿಡಲಿಲ್ಲ. ಉಣ್ಣಲು ಕೂತವನು ತಾಟು ಸರಿಸಿ ಎದ್ದ.

ಮರುದಿನ ಬೆಳಿಗ್ಗೆ ಸ್ಟುಡಿಯೊಗೆ ಹೋಗಿ, ಹೊರಗಿನವರಿಗೆ ಕೇಳದಂತೆ ಬಾಗಿಲು ಮುಂದೆ ಮಾಡಿ, ಕೀಲಿಕೈಯನ್ನು ಮೇಜಿನ ಮೇಲಿಟ್ಟ. ನಡೆದದ್ದನ್ನೆಲ್ಲ ಹೇಳಿದ. "ನಿನ್ನ ಗಾಡಿ ಛಲೋ ಐತಿ, ಇಂದುಧರ. ಕೆಟ್ಟಿದ್ದು ನನ್ನ ಹೂವು. ನೀ ಒಮ್ಮೆ ಹೇಳಿದ್ದಿ, ನಾ ಕೇಳಲಿಲ್ಲ. ಗಾಡಿ ತಿರುಗಿ ತಗೋ."

ಇಂದುಧರ ಕ್ಯಾಮೆರಾದ ಗಾಜು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

"ಗಾಡಿ ನೀವ ಇಟ್ಕೋರಿ ಅಣ್ಣಾರ," ಎಂದ ಕೊನೆಗೆ. "ಜನ ನನ್ನ ನೋಡಿ ನಕ್ಕಿದ್ದು ನಡುಪೇಟ್ಯಾಗ. ನೀವು ತಪ್ಪು ಒಪ್ಕೊಳ್ಳೂದು ಇಲ್ಲಿ, ಬಾಗಲ ಮುಂದ ಮಾಡ್ಕೊಂಡು."

ಮುರಿಗೆಪ್ಪ ಕೀಲಿಕೈ ಎತ್ತಿಕೊಂಡು ಎದ್ದು ಬಾಗಿಲು ಪೂರ್ತಿ ತೆರೆದು ಹೊರಗೆ ಹೋದ.

ಮುಂದಿನ ಸಂತೆಯ ದಿನ ಪೇಟೆಯಲ್ಲಿ ಬ್ಯಾಂಡ್ ಮೊಳಗಿತು. ಮದುವೆಯ ಮುಹೂರ್ತವೇ ಇಲ್ಲದ ದಿನ ಇದ್ಯಾರ ಮೆರವಣಿಗೆ ಎಂದು ಜನ ಅಂಗಡಿ ಬಿಟ್ಟು ಬಂದರು. ನೋಡಿದರೆ ಮುಂದೆ ಬ್ಯಾಂಡು, ಹಿಂದೆ ಆ ಕಪ್ಪು ಕಾರು, ಕಾರಿನ ಮುಖದ ತುಂಬ ನವಿಲು. ಸ್ಟೇರಿಂಗ್ ಹಿಡಿದವನು ಮುರಿಗೆಪ್ಪ. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ.

"ಮದಮಗ ಎಲ್ಲ್ಯದಾನೋ, ಮುರಿಗೆಪ್ಪ?" ಎಂದು ಕಟ್ಟೆಯ ಮೇಲಿನಿಂದ ಒಬ್ಬ ಕೂಗಿದ.

"ತಡಿ, ಬರ್ತಾನ," ಎಂದ ಮುರಿಗೆಪ್ಪ.

ಕಾರು ಮೆಲ್ಲಗೆ ತೆವಳುತ್ತ ನಡುವಿನ ವೃತ್ತಕ್ಕೆ ಬಂತು. ಹಬೆ ಎದ್ದಿತು. ಜನ ನಗಲು ಬಾಯಿ ತೆರೆಯುವಷ್ಟರಲ್ಲಿ ಮುರಿಗೆಪ್ಪ ಇಂಜಿನ್ ನಿಲ್ಲಿಸಿ ಇಳಿದು, ಎರಡೂ ಕೈಯಿಂದ ನವಿಲನ್ನು ಕಿತ್ತು ನೆಲಕ್ಕೆ ಹಾಕಿದ. ಗೋಣಿತಟ್ಟು ಎಳೆದು, ಬೆಂದ ಹೂವಿನ ಮುದ್ದೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದ.

"ಎಲ್ಲಾರೂ ನೋಡ್ರಿ," ಎಂದ. "ಇಂದುಧರನ ಗಾಡಿ ನಿಂತಿದ್ದು ಇದಕ್ಕ. ಅಪಶಕುನ ಅಲ್ಲ, ಆ ಹುಡುಗನ ಕಾಲ್ಗುಣ ಅಲ್ಲ. ನಾನು ಗಾಡಿ ಉಸಿರು ಕಟ್ಟಿಸಿದೆ, ದೂರು ಅವನ ತಲಿಗೆ ಕಟ್ಟಿದೆ. ಅದ ದೂರು ಹೇಳಿ ಅಗ್ಗಕ್ಕ ಗಾಡಿನೂ ಹೊಡಕೊಂಡೆ. ಹೂವು ಹೆಚ್ಚಾಗಿ ಯಾರೂ ಕೆಟ್ಟಿಲ್ಲ ಅಂತಿದ್ದೆ. ಹೂವಿನಿಂದ ಕೆಟ್ಟವ ಒಬ್ಬ ಇಲ್ಲೇ ಇದ್ದ, ನನಗ ಕಾಣಲಿಲ್ಲ."

ಯಾರೂ ನಗಲಿಲ್ಲ. ಬ್ಯಾಂಡಿನವರು ಕೂಡ ಪೀಪಿ ಕೆಳಗಿಳಿಸಿ ನಿಂತರು. ಗುಂಪಿನ ಅಂಚಿನಲ್ಲಿ ಇಂದುಧರ ನಿಂತಿದ್ದ. ಮುರಿಗೆಪ್ಪ ನೇರ ಅವನ ಬಳಿಗೆ ಹೋಗಿ ಕೈ ಹಿಡಿದು ಕರೆತಂದು, ಹಿಂದಿನ ಬಾಗಿಲು ತೆರೆದು, ಮದುಮಗ ಕೂರುವ ಜಾಗದಲ್ಲಿ ಕೂರಿಸಿದ. ಕಾರು ತಣಿಯುವವರೆಗೂ ತಾನು ಬಿಸಿಲಿನಲ್ಲಿ ನಿಂತ. ಆಮೇಲೆ ಕಾರು ಬರಿಮುಖದಲ್ಲಿ ಹೊರಟಿತು. ಬ್ಯಾಂಡಿನ ಹಿಂದೆ ಹೆಜ್ಜೆ ಹೆಜ್ಜೆಗೆ ತೆವಳುತ್ತ ಪೇಟೆ ದಾಟಿತು, ಓಣಿ ದಾಟಿತು, ಕಲ್ಯಾಣಮಂಟಪದ ಬಾಗಿಲಿಗೂ ಹೋಗಿ ನಿಂತಿತು. ಮುಳ್ಳು ಇದ್ದಲ್ಲೇ ಇತ್ತು. ಇಂದುಧರ ಅಲ್ಲಿಯವರೆಗೂ ತಲೆ ಎತ್ತಿಕೊಂಡೇ ಕೂತಿದ್ದ.

ಆಮೇಲೆ ಇಬ್ಬರೂ ಕೂಡಿಯೇ ಆ ಕಾರನ್ನು ನಡೆಸಿದರು. ಹೂವು ಮುರಿಗೆಪ್ಪನದು, ಸ್ಟೇರಿಂಗ್ ಇಂದುಧರನದು. ತನ್ನ ಕೈಯಾರೆ ತಪ್ಪು ಎತ್ತಿ ತೋರಿಸಿದ ಹೂಗಾರನನ್ನು ಜನ ಬಿಡಲಿಲ್ಲ, ಮೊದಲಿಗಿಂತ ಹೆಚ್ಚು ನಂಬಿದರು. ನವಿಲೂ ಸಾಯಲಿಲ್ಲ. ಅದು ಕಾರಿನ ಹಿಂದಕ್ಕೆ ಹೋಗಿ ಕೂತಿತು. ಅಲ್ಲಿ ಅದರ ಗರಿ ಇನ್ನೂ ಉದ್ದವಾಯಿತು. ಇಂದುಧರನ ಮನೆಯ ಹೊಸ್ತಿಲಿಂದ ಹಿಂದೆ ಹೋಗಿದ್ದ ಸಂಬಂಧವೂ ತಿರುಗಿ ಬಂತು.

ಅವನ ಮದುವೆಯ ದಿನ ಸೋದರತ್ತೆ ಕಾರು ನೋಡಿ, "ಎಲ್ಲಾ ಕಡೆ ಹೂವು ಐತಿ, ಮುಖ ಯಾಕ ಬೋಳು ಬಿಟ್ಟೀಯೋ ಮುರಿಗೆಪ್ಪ?" ಎಂದು ಕೇಳಿದಳು.

ಮುರಿಗೆಪ್ಪ ಕೊನೆಯ ಗುಲಾಬಿಯನ್ನು ಸಿಕ್ಕಿಸಿ ಕೈ ಒರೆಸಿಕೊಂಡ. "ಅದು ಅದರ ಉಸಿರಿನ ಜಾಗ, ಯವ್ವಾ," ಎಂದ. "ಅಲ್ಲಿ ನನ್ನ ಹೂವಿಗೆ ಕೆಲಸ ಇಲ್ಲ."

ನೀತಿ: ಇನ್ನೊಬ್ಬರ ವಸ್ತುವಿನ ಮೇಲೆ, ಇನ್ನೊಬ್ಬರ ಹೆಸರಿನ ಮೇಲೆ ದೂರು ಕೇಳಿದಾಗ, ಆ ದೂರಿನಲ್ಲಿ ನಮ್ಮ ಕೈಯೂ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಇದ್ದರೆ, ಬಾಗಿಲು ಹಾಕಿಕೊಂಡು ಒಪ್ಪಿಕೊಂಡದ್ದು ಸಾಲದು. ಹೆಸರು ಯಾವ ಬೀದಿಯಲ್ಲಿ ಕೆಟ್ಟಿತೋ ಅದೇ ಬೀದಿಯಲ್ಲಿ ಅದನ್ನು ತಿರುಗಿ ಕೊಡಬೇಕು.