ಹಗೇವಿಗೆ ಇಳಿದ ಸಂಕವ್ವ

ಬಹಳ ಹಿಂದ, ಒಂದು ಊರಾಗ. ಯಾವ ಊರಪಾ ಅಂತ ಕೇಳಬ್ಯಾಡ್ರಿ, ಈಗ ನೀವು ಚಾ ಕುಡಕೋತ ಕುಂತೀರಲ್ಲ, ಇದ ಊರು, ಇದ ಬಜಾರ ಓಣಿ. ಯಾವ ಕಾಲ ಅಂತಾನೂ ಕೇಳಬ್ಯಾಡ್ರಿ. ನಮ್ಮಜ್ಜಿ ನನಗ ಹೇಳಿದ್ದು, ಅಕಿಗೆ ಅಕಿ ಅಜ್ಜಿ ಹೇಳಿದ್ದು. ನಡಕ ಬಾಯಿ ಹಾಕಿದ್ರ ಎದ್ದು ಹೋಗ್ತೀನಿ ಮತ್ತ.

ಆಗ ಈ ಓಣಿ ಹಿಂಗ ಇರಲಿಲ್ಲ. ಈ ಬೀಜ-ಗೊಬ್ಬರದ ಅಂಗಡಿ, ಈ ಬೇಕರಿ, ಈ ಬಸ್ ನಿಲ್ಲೋ ಜಾಗ, ಯಾವೂ ಇಲ್ಲ. ನಾಕೂ ದಿಕ್ಕಿಗೆ ಎರಿಹೊಲ. ಗುಡ್ಡ ಇಲ್ಲ, ಕಾಡಿಲ್ಲ, ಕಣ್ಣು ಹಾಯಿಸಿದಷ್ಟೂ ಕರೀ ಮಣ್ಣು, ನಡುವ ಈ ಒಂದು ಓಣಿ. ಮಣ್ಣಿನ ಮಾಳಿಗಿ ಮನಿ, ಮನಿ ಮುಂದ ಕಟ್ಟಿ, ಕಟ್ಟಿ ಮುಂದ ಹಗೇವು. ಹಗೇವು ಅಂದ್ರ ಹಂಗ ಕಣ್ಣು ಬಿಡಬ್ಯಾಡ್ರಿ. ನೆಲ ಆಳಕ್ಕ ತೋಡಿ, ಒಳಗ ಜೋಳ ತುಂಬಿ, ಬಾಯಿಗೆ ಹಾಸಗಲ್ಲು ಮುಚ್ಚಿ, ಮ್ಯಾಲೆ ಮಣ್ಣು ಎಳೀತಿದ್ರು. ಅದರ ಮ್ಯಾಲೇನ ಮಂದಿ ನಡೀತಿದ್ರು, ಎತ್ತು ನಡೀತಿದ್ವು. ಓಣಿ ಮ್ಯಾಲೆ ಒಂದು ಊರು, ಓಣಿ ಕೆಳಗ ಒಂದು ಊರು ಇತ್ತಂತ. ಹಂಗಂತಾರ.

ಮುಚ್ಚಿಟ್ಟ ಹಗೇವಿನಾಗ ಗಾಳಿ ಕೆಡ್ತದ. ಕಲ್ಲು ಸರಿಸಿದ ಕೂಡಲೆ ಇಳಿದವ ತಿರುಗಿ ಮ್ಯಾಲೆ ಬರಂಗಿಲ್ಲ. ಅದಕ್ಕ ಬಾಯಿ ತಗದು ಮರುದಿನತನಕ ಬಿಡಬೇಕು. ಆಮ್ಯಾಲೆ ದಾರಕ್ಕ ಕಂದೀಲು ಕಟ್ಟಿ ಇಳಿಬಿಡಬೇಕು. ಉರೀತದ, ಇಳಿ. ಆರ್ತದ, ಇಳಿಬ್ಯಾಡ. ಈ ಕೆಲಸಕ್ಕ ಊರಿಗೆಲ್ಲಾ ಇದ್ದಾಕಿ ಸಂಕವ್ವ ಒಬ್ಬಾಕಿ.

ಮೊದಲ ಅಕಿ ಗಂಡ ಇಳೀತಿದ್ದ. ಅವ ತೀರಿಕೊಂಡ ಮ್ಯಾಲೆ ಸೀರಿ ಕಚ್ಚಿ ಹಾಕ್ಕೊಂಡು ತಾನ ಇಳಿದಳಂತ. ಒಂದ ಉಸಿರು ಹಿಡಿದು ಬಸವಣ್ಣನ ಗುಡಿಯಿಂದ ಭಾವಿತನಕ ನಡೀತಿದ್ಳು, ಹಂಗಂತಾರ. ನೆಲಕ್ಕ ಮೂಗು ಹಚ್ಚಿ ಒಳಗಿಂದು ಬಿಳಿ ಜೋಳೋ ಕೆಂಪು ಜೋಳೋ ಹೇಳ್ತಿದ್ಳು, ಹಂಗಂತಾರ. ನನಗೇನ ಅದು ಖರೆ ಅನಸಂಗಿಲ್ಲ, ಆದ್ರ ಅಂತಾರ. ಬಾಯಿ ಮಾತ್ರ ಭಾಳ ಜೋರು. ಇಳಿಯಾಕ ಅವಸರ ಮಾಡಿದವರು ಗೌಡರಿರಲಿ ಸೌಕಾರರಿರಲಿ, ಹಿಂದ ಮುಂದ ನೋಡ್ದ ಬೈತಿದ್ಳು. ಬೈಸಿಕೊಂಡವರು ನಕ್ಕೋತ ಸುಮ್ಮನಾಗ್ತಿದ್ರು. ಯಾಕಂದ್ರ ಅಕಿ ಈ ಕೆಲಸಕ್ಕ ನಿಂತ ಮ್ಯಾಲೆ ಹಗೇವಿನಾಗ ಒಂದು ಜೀವಾನೂ ಹೋಗಿರಲಿಲ್ಲ.

ಮುಂದ ಓಣಿ ಬದಲಾಗಾಕ ಹತ್ತಿತು. ಮೋಟಾರು ಬರ್ತದ, ಕಲ್ಲಿನ ರಸ್ತೆ ಆಗ್ತದ, ಹಗೇವು ಎಲ್ಲಾ ಮುಚ್ಚಬೇಕು ಅಂತ ಡಂಗುರ ಸಾರಿದ್ರು. ಮಂದಿಗೆ ಖುಷಿನ ಖುಷಿ. ಕಟ್ಟಿ ಒಡೆದು ಹೆಂಚಿನ ಅಂಗಡಿ ಎಬ್ಬಿಸಿದ್ರು. ಜೋಳ ತಗದು ಚೀಲಕ್ಕ ತುಂಬಿದ್ರು, ಖಾಲಿ ಹಗೇವಿಗೆ ಕಲ್ಲು ಮಣ್ಣು ಸುರಿದ್ರು. ಒಂದೊಂದಕ್ಕೂ ಸಂಕವ್ವ ಇಳಿದು, ತಳದ ಕಾಳು ಬಳಿದು ಕೊಟ್ಟು ಬರ್ತಿದ್ಳು. ತನ್ನ ಕೆಲಸ ತಾನ ಮುಗಿಸಾಕತ್ತಿದ್ಳು. ಅದಕ್ಕ ಅಕಿ ಕಣ್ಣೀರು ಹಾಕಿದ್ಳೇನು? ಎಲ್ಲೀದು, ನಂದೂ ಸೊಂಟ ಬಿದ್ದೋಗೇತಿ, ಮುಚ್ಚ್ರಿ ಅತ್ಲಾಗ ಅಂದ್ಳಂತ.

ಕಡೀಗೆ ಉಳಿದದ್ದು ರಾಚಪ್ಪ ಸೌಕಾರನ ಹಗೇವು. ಓಣಿಯಾಗ ಎಲ್ಲಾಕ್ಕಿಂತ ದೊಡ್ಡದು, ಎಲ್ಲಾಕ್ಕಿಂತ ಆಳ. ಮುಂಜಾನೆ ಸಂಕವ್ವ ಕಲ್ಲು ಸರಿಸಿದ್ಳು, ನಾಳೆತನಕ ಯಾರೂ ಇಳಿಬ್ಯಾಡ್ರಿ ಅಂದ್ಳು, ರೊಟ್ಟಿ ಮಾಡಾಕ ಮನಿಗೆ ಹೋದ್ಳು. ಅತ್ತ ರಸ್ತೆ ಮಾಡೋರು ಮಣ್ಣಿನ ಬಂಡಿ ತಂದು ನಿಲ್ಲಿಸ್ಯಾರ. ಸೌಕಾರಗ ಎದಿ ನಿಲ್ಲಲಿಲ್ಲ. ಒಳಗ ಕಾಳು ಇರೂವಾಗ ಇವರು ಮಣ್ಣು ಸುರಿದ್ರ ಹೆಂಗ ಅಂತ ಚಿಂತಿ. ಕಂಬಕ್ಕ ಹಗ್ಗ ಕಟ್ಟಿ ತಾನ ಇಳಿದುಬಿಟ್ಟ. ಮ್ಯಾಲಿಂದ ಕೂಗಿದ್ರು. ಓ ಅನ್ನಲಿಲ್ಲ. ಮತ್ತ ಕೂಗಿದ್ರು. ಇಲ್ಲ.

ಸಂಕವ್ವನ್ನ ಕರಕೊಂಡು ಬಂದ್ರು. ಕೈಗೆ ಹತ್ತಿದ ಹಿಟ್ಟು ಹಂಗ ಇತ್ತಂತ. ಕಂದೀಲು ಇಳಿಬಿಟ್ಳು. ಆರಿತು. ಎಲ್ಲಾರೂ ನೋಡಿದ್ರು, ಅಕಿನೂ ನೋಡಿದ್ಳು. ಜನ್ಮ ಪೂರ್ತಿ ಬ್ಯಾಡ ಬ್ಯಾಡ ಅಂತ ಮಂದೀನ ಬೈದಾಕಿ, ಅವತ್ತ ಸೀರಿ ಕಚ್ಚಿ ಬಿಗಿದ್ಳು.

"ಅವನ್ನ ಕಟ್ಟಿ ಕೊಡ್ತೀನಿ, ಎಳಕೊಳ್ರಿ. ಎಳಕೊಂಡ ಕೂಡಲೆ ಹಗ್ಗ ತಿರುಗಿ ಬಿಡ್ರಿ. ನಾ ಭಾಳ ಹೊತ್ತು ತಾಳಂಗಿಲ್ಲ."

ಅಷ್ಟ ಅಂದ್ಳು, ಉಸಿರು ತಗೊಂಡ್ಳು, ಇಳಿದ್ಳು.

ಹಗ್ಗ ಅಳ್ಳಾಡಿತು. ಎಳದ್ರು. ಸೌಕಾರ ಮ್ಯಾಲೆ ಬಂದ. ಮಾರಿ ನೀಲಿಗಟ್ಟಿತ್ತು. ಮಂದಿ ಮುಗಿಬಿದ್ರು. ಒಬ್ಬರು ನೀರು ಹೊಡದ್ರು, ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡದ್ರು, ಒಬ್ಬರು ಅಂಗಾಲು ತಿಕ್ಕಿದ್ರು. ಹೆಂಡ್ತಿ ಎದಿ ಬಡಕೋತ ಕುಂತಿದ್ಳು. ಅವ ಕೆಮ್ಮಿದ. ಕಣ್ಣು ಬಿಟ್ಟ. ಹೋ ಅಂತ ಓಣಿಗೆ ಓಣೀನ ಕೂಗಿತು. ಕಾಯಿ ಒಡಿಯಾಕ ಗುಡಿಗೆ ಓಡಿದವರು ಓಡಿದ್ರು. ಯಾರೋ ಅಂಗಡಿಯಿಂದ ಬೆಲ್ಲ ತಂದು ಹಂಚಿದ್ರು. ಕೇಳಿದ್ರೇನು, ಬೆಲ್ಲ ಹಂಚಿದ್ರು! ಅಷ್ಟು ಮಂದಿ ನಿಂತಾರ, ಹಗೇವು ಅಲ್ಲೇ ಬಾಯಿ ತಕ್ಕೊಂಡದ, ಒಬ್ಬರಿಗೂ ಅಕಿ ಖಬರ ಇಲ್ಲ. ಅವರು ಕೆಟ್ಟ ಮಂದಿ ಅಲ್ಲ, ನಮ್ಮ ಮಂದೀನ. ಹೆಂಗ ಮರತ್ರು? ನನ್ನ ತಲಿಗೆ ಇವತ್ತಿಗೂ ಹೊಳೀವಲ್ದು.

ಕೇಳಿದವ ಸೌಕಾರನ ಅಂತ. ಕುತ್ತಿಗಿ ಎತ್ತಿ ಕೇಳಿದನಂತ.

"ಸಂಕವ್ವ ಎಲ್ಲಿ?"

ಬಾಯಾಗಿನ ಬೆಲ್ಲ ಬಾಯಾಗ ಉಳೀತು. ಹಗ್ಗ ಎಲ್ಲಿ, ಹಗ್ಗ ಎಲ್ಲಿ ಅಂತ ಹುಡುಕಾಕ ಹತ್ತಿದ್ರು. ಹಗ್ಗ ಸೌಕಾರನ ತಲಿ ಕೆಳಗ ಇತ್ತು. ಸುರಳಿ ಸುತ್ತಿ ಅವಗ ದಿಂಬು ಮಾಡಿ ಕೊಟ್ಟಿದ್ರು.

ಬಿಟ್ರು ಹಗ್ಗ. ಅತ್ತಿಂದ ಹಿಡಿಯೋರಿಲ್ಲ. ಮರುದಿನ ಕಂದೀಲು ಉರೀತು, ಆಗ ಇಳಿದ್ರು. ಗ್ವಾಡಿಗೆ ಬೆನ್ನು ಕೊಟ್ಟು ಕುಂತಿದ್ಳಂತ, ಮಾರಿ ಮ್ಯಾಲೆ ಮಾಡಿಕೊಂಡು, ಹಗ್ಗ ಬರೂ ದಾರಿ ನೋಡ್ಕೋತ. ಇಲ್ಲ ಇಲ್ಲ, ಅಕಿ ಅಲ್ಲಿ ಇರಲೇ ಇಲ್ಲ, ನೆಲದಾಗಿಂದ ದಾರಿ ಮಾಡಿಕೊಂಡು ಎರಿಹೊಲದಾಗ ಎದ್ದು ನಡದ್ಳು ಅಂತಾನೂ ಕೆಲವರು ಅಂತಾರ. ಹಂಗ ಅಂದ್ರ ಅವರಿಗೆ ನಿದ್ದಿ ಹತ್ತತದ, ಅದಕ್ಕ ಅಂತಾರ.

ರಸ್ತೆ ಆತು, ಮೋಟಾರು ಬಂತು. ಹೆಂಚು ಹೋಗಿ ಸಿಮೆಂಟು ಬಂತು, ಕದ ಹೋಗಿ ಶಟರ್ ಬಂತು. ಅಕಿದು ಒಂದು ಗುಡಿ ಇಲ್ಲ, ಕಲ್ಲಿಲ್ಲ. ಆದ್ರ ಸಂಜೀಕ ಅಂಗಡಿ ಮುಚ್ಚೂ ಹೊತ್ತಿಗೆ ಈ ಓಣಿಯಾಗ ನಿಂತು ನೋಡ್ರಿ. ಒಳಗ ಒಂದು ಮಾತು ಕೇಳದ ಯಾರೂ ಶಟರ್ ಎಳಿಯಂಗಿಲ್ಲ. ಮೂಲ್ಯಾಗ ಗಡಿಯಾರ ರಿಪೇರಿಯವನ ಅಂಗಡಿ ಅದಲ್ಲ, ಒಬ್ಬ ಕುಂತ್ರ ಇನ್ನೊಬ್ಬಗ ಕಾಲಿಡಾಕ ಜಾಗ ಇಲ್ಲ. ಅವನೂ ಶಟರ್ ಅರ್ಧ ಎಳೀತಾನ, ಬಗ್ಗತಾನ, ಒಳಗ ಮಾರಿ ಹಾಕಿ ದೊಡ್ಡ ದನಿಲೆ ಕೇಳ್ತಾನ, "ಒಳಗ ಯಾರರೆ ಉಳಿದೀರೇನವಾ?" ಅಂತ. ಒಳಗ ಯಾರೂ ಇಲ್ಲ ಅಂತ ಅವಗೂ ಗೊತ್ತದ. ಆದ್ರೂ ಕಿವಿಗೊಟ್ಟು ಒಂದೀಟು ನಿಂದ್ರತಾನ. ಆಮ್ಯಾಲೆ ಶಟರ್ ಎಳೀತಾನ.